ದೊರೆಗಳು ಓಲೆ ಬರೆದ ಹಳ್ಳಿ ವೈದ್ಯ: ಎಡ್ವರ್ಡ್ ಜೆನ್ನರ್

ನಮ್ಮೂರಿನಲ್ಲಿ ಅರವತ್ತು ದಾಟಿದವರನ್ನು ಕೇಳಿ ನೋಡಿ, ಅಂಗಿಯ ತೋಳು ಮಡಿಸಿ ಒಂದು ಗುರುತು ತೋರಿಸುತ್ತಾರೆ. ನಾಣ್ಯದಷ್ಟು ಅಗಲದ ಕಲೆ, ಅದರೊಳಗೆ ಸಣ್ಣ ಸಣ್ಣ ಗುಳಿಗಳು. ಕೆಲವರಿಗೆ ಅದು ಮುಂಗೈ ಮೇಲಿರುತ್ತದೆ. ಸಿಡುಬಿಗೆ ಹಾಕಿದ ಲಸಿಕೆಯ ಗುರುತು ಅದು. ನಮ್ಮಜ್ಜಿ ಅದನ್ನು ಮೈಲಿ ಹಾಕಿಸಿದ್ದು ಎನ್ನುತ್ತಿದ್ದರು. ಮೈಲಿ ಹಾಕುವವರು ಊರಿಗೆ ಬಂದರೆಂದರೆ ತಾಯಂದಿರು ಮಕ್ಕಳನ್ನು ಅಟ್ಟದ ಮೇಲೆ, ಹುಲ್ಲಿನ ಬಣವೆಯ ಹಿಂದೆ ಬಚ್ಚಿಡುತ್ತಿದ್ದರಂತೆ. ನನ್ನ ವಯಸ್ಸಿನವರ ತೋಳಿನ ಮೇಲೆ ಆ ಗುರುತು ಇಲ್ಲ. ನಮಗೆ ಅದರ ಅಗತ್ಯವೇ ಬೀಳಲಿಲ್ಲ.

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಬದುಕಿನ ಬಗ್ಗೆ ಬರೆದು ಕಳಿಸಪ್ಪಾ ಎಂದು ನಮ್ಮ ಮೇಷ್ಟ್ರು ಫೋನಿನಲ್ಲಿ ಹೇಳಿದಾಗ ನನಗೆ ನೆನಪಾದದ್ದು ಎಡ್ವರ್ಡ್ ಜೆನ್ನರ್. ಇದೇ ಶಾಲೆಯ ವಿಜ್ಞಾನದ ಪರೀಕ್ಷೆಯಲ್ಲಿ ಅದು ಒಂದು ಅಂಕದ ಪ್ರಶ್ನೆಯಾಗಿತ್ತು. ಸಿಡುಬಿಗೆ ಲಸಿಕೆ ಕಂಡುಹಿಡಿದವರು ಯಾರು ಎಂದು ಕೇಳಿದ್ದರು. ಹೆಸರು ಬರೆದೆವು, ಅಂಕ ಬಂತು, ಅಲ್ಲಿಗೆ ಮುಗಿಯಿತು. ಈ ಹಳ್ಳಿ ವೈದ್ಯರಿಗೆ ದೇಶದೇಶದ ದೊರೆಗಳು ಓಲೆ ಬರೆದರು, ಉಡುಗೊರೆ ಕಳಿಸಿದರು, ಅವರೂ ದೊರೆಗಳಿಗೆ ಓಲೆ ಬರೆದರು ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ದೊರೆಗಳ ಹತ್ತಿರ ಅವರು ಏನು ಕೇಳಿದರು ಎನ್ನುವುದು ತಿಳಿದ ಮೇಲೆ ಅವರ ಬಗ್ಗೆ ಗೌರವ ಇನ್ನೂ ಹೆಚ್ಚಾಯಿತು.

ಜೆನ್ನರ್ ಹುಟ್ಟಿದ್ದು 1749ರ ಮೇ 17ರಂದು, ಇಂಗ್ಲೆಂಡಿನ ಗ್ಲೌಸ್ಟರ್‌ಷೈರ್ ಸೀಮೆಯ ಬರ್ಕ್ಲಿ ಎಂಬ ಸಣ್ಣ ಊರಿನಲ್ಲಿ. ಹುಲ್ಲುಗಾವಲು, ದನಕರು, ಹಾಲು, ಬೆಣ್ಣೆಯ ನಾಡು ಅದು. ತಂದೆ ಆ ಊರಿನ ಚರ್ಚಿನ ಪಾದ್ರಿ. ಐದನೇ ವಯಸ್ಸಿನಲ್ಲೇ ಎರಡು ತಿಂಗಳ ಅಂತರದಲ್ಲಿ ತಾಯಿಯೂ ತಂದೆಯೂ ತೀರಿಕೊಂಡರು. ಹುಡುಗನನ್ನು ಸಾಕಿದ್ದು ಅಣ್ಣ.

ಎಂಟನೇ ವಯಸ್ಸಿನಲ್ಲಿ ಅವರಿಗೆ ಆಗಿನ ಪದ್ಧತಿಯಂತೆ ಸಿಡುಬಿನ ಕೀವನ್ನೇ ತೋಳಿಗೆ ಹಚ್ಚಿದರು. ಸಿಡುಬು ಬಂದವರಲ್ಲಿ ಸುಮಾರು ಮೂವರಿಗೆ ಒಬ್ಬರು ಸಾಯುತ್ತಿದ್ದ ಕಾಲ ಅದು. ಉಳಿದವರಲ್ಲಿ ಎಷ್ಟೋ ಜನ ಕಣ್ಣು ಕಳೆದುಕೊಳ್ಳುತ್ತಿದ್ದರು, ಮುಖದ ತುಂಬ ಕುಳಿ ಬೀಳುತ್ತಿದ್ದವು. ಆದರೆ ಒಮ್ಮೆ ಬಂದು ಹೋದವರಿಗೆ ಮತ್ತೆ ಬರುವುದಿಲ್ಲ ಎಂಬುದು ಎಲ್ಲ ದೇಶದವರಿಗೂ ಗೊತ್ತಿತ್ತು. ಹಾಗಾಗಿ ರೋಗಿಯ ಗುಳ್ಳೆಯಿಂದ ಸ್ವಲ್ಪ ಕೀವು ತೆಗೆದು ಆರೋಗ್ಯವಂತರ ಚರ್ಮಕ್ಕೆ ಗೀರಿ ಹಚ್ಚಿ, ಸಿಡುಬನ್ನು ಸೌಮ್ಯವಾಗಿ ಬರಿಸುವ ಪದ್ಧತಿ ಚೀನಾ, ಟರ್ಕಿ, ನಮ್ಮ ಬಂಗಾಳ ಎಲ್ಲ ಕಡೆಯೂ ಇತ್ತು. ಟರ್ಕಿಯಲ್ಲಿ ಇದನ್ನು ನೋಡಿದ ಲೇಡಿ ಮೇರಿ ಮಾಂಟೆಗ್ಯೂ ಎಂಬ ಹೆಣ್ಣುಮಗಳು 1721ರಲ್ಲಿ ಇಂಗ್ಲೆಂಡಿನಲ್ಲಿ ತನ್ನ ಮಗಳಿಗೇ ಮಾಡಿಸಿ ತೋರಿಸಿದ್ದರು. ಆದರೆ ಇದರಲ್ಲಿಯೂ ನೂರಕ್ಕೆ ಒಬ್ಬಿಬ್ಬರು ಸಾಯುತ್ತಿದ್ದರು. ಹಾಕಿಸಿಕೊಂಡವರಿಂದ ಮಿಕ್ಕವರಿಗೆ ನಿಜವಾದ ಸಿಡುಬು ಹರಡುವ ಭಯವೂ ಇತ್ತು. ಬಾಲಕ ಜೆನ್ನರ್‌ಗೆ ಕೀವು ಹಚ್ಚುವ ಮೊದಲು ವಾರಗಟ್ಟಲೆ ಅರೆಹೊಟ್ಟೆಯಲ್ಲಿಟ್ಟು, ಮೈಯಿಂದ ರಕ್ತ ತೆಗೆದು, ಆಮೇಲೆ ಇತರ ಮಕ್ಕಳ ಜೊತೆ ಕುದುರೆ ಲಾಯದಲ್ಲಿ ಕೂಡಿಹಾಕಿದ್ದರು. ಆ ಲಾಯದ ನೆನಪು ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಹದಿಮೂರು ಹದಿನಾಲ್ಕನೇ ವಯಸ್ಸಿಗೆ ಹತ್ತಿರದ ಊರಿನ ಶಸ್ತ್ರವೈದ್ಯರೊಬ್ಬರ ಬಳಿ ಕೆಲಸ ಕಲಿಯಲು ಸೇರಿದರು. 1770ರಲ್ಲಿ ಲಂಡನ್ನಿಗೆ ಹೋಗಿ ಸೇಂಟ್ ಜಾರ್ಜ್ ಆಸ್ಪತ್ರೆಯ ಪ್ರಸಿದ್ಧ ವೈದ್ಯ ಜಾನ್ ಹಂಟರ್ ಅವರ ಶಿಷ್ಯರಾದರು. ಕುಳಿತು ತರ್ಕ ಮಾಡುವುದಕ್ಕಿಂತ ಮಾಡಿ ನೋಡುವುದು ಮೇಲು ಎನ್ನುವುದು ಹಂಟರ್ ಕಲಿಸಿದ ದೊಡ್ಡ ಪಾಠ. ಕ್ಯಾಪ್ಟನ್ ಕುಕ್ ತನ್ನ ಮೊದಲ ಸಮುದ್ರಯಾನದಿಂದ ಮರಳಿದಾಗ ತಂದಿದ್ದ ಗಿಡಮೂಲಿಕೆಗಳನ್ನು ವಿಂಗಡಿಸುವ ಕೆಲಸವೂ ಈ ತರುಣನಿಗೆ ಸಿಕ್ಕಿತು. ಎರಡನೇ ಯಾನಕ್ಕೆ ಬಾ ಎಂಬ ಕರೆ ಬಂದರೂ ಜೆನ್ನರ್ ಒಪ್ಪದೆ ತಮ್ಮ ಬರ್ಕ್ಲಿಗೇ ವಾಪಸಾದರು. ಗುರುಶಿಷ್ಯರ ಓಲೆಗಳು ಮಾತ್ರ ನಿಲ್ಲಲಿಲ್ಲ. ಮುಳ್ಳುಹಂದಿಯನ್ನು ಹಿಡಿದು ಕಳಿಸು, ಚಳಿಗಾಲದಲ್ಲಿ ಅದರ ಮೈ ಎಷ್ಟು ತಣ್ಣಗಾಗುತ್ತದೆ ಅಳೆದು ಹೇಳು ಎಂದು ಹಂಟರ್ ಬರೆಯುವುದು, ಶಿಷ್ಯ ಹೊಲ ಬದು ಸುತ್ತಿ ಉತ್ತರ ಕಳಿಸುವುದು, ಹೀಗೆ ಇಪ್ಪತ್ತು ವರ್ಷ ನಡೆಯಿತು. ಮುಂದೆ ಲೋಕಕ್ಕೆಲ್ಲ ಓಲೆ ಬರೆದ ಕೈ ಪಳಗಿದ್ದು ಇಲ್ಲಿ. ಕೋಗಿಲೆಯ ಜಾತಿಯ ಕುಕೂ ಹಕ್ಕಿಯ ಮರಿ ತನ್ನನ್ನು ಸಾಕುವ ಗೂಡಿನ ಮೊಟ್ಟೆ, ಮರಿಗಳನ್ನು ಬೆನ್ನಿನಿಂದ ನೂಕಿ ಹೊರಹಾಕುವುದನ್ನು ಕಣ್ಣಾರೆ ನೋಡಿ ಬರೆದದ್ದಕ್ಕೆ 1789ರಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾದರು.

ಬರ್ಕ್ಲಿ ಸೀಮೆಯಲ್ಲಿ ಹಾಲು ಕರೆಯುವ ಹೆಂಗಸರ ಬಾಯಲ್ಲಿ ಒಂದು ಮಾತಿತ್ತು. ಹಸುವಿನ ಕೆಚ್ಚಲಿಗೆ ಬರುವ ಗೋಸಿಡುಬು ಕೈಗೆ ಅಂಟಿದವರಿಗೆ ದೊಡ್ಡ ಸಿಡುಬು ಬರುವುದಿಲ್ಲ ಎಂಬುದು ಆ ಮಾತು. ಓದಿದವರು ಇದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಬೆಂಜಮಿನ್ ಜೆಸ್ಟಿ ಎಂಬ ರೈತ 1774ರಲ್ಲೇ ಧೈರ್ಯ ಮಾಡಿ ಗೋಸಿಡುಬಿನ ಕೀವನ್ನು ಹೆಂಡತಿಗೂ ಇಬ್ಬರು ಗಂಡುಮಕ್ಕಳಿಗೂ ಹಚ್ಚಿದ್ದರು. ಆದರೆ ಅದು ಒಂದು ಮನೆಯ ಮಾತಾಗಿಯೇ ಉಳಿಯಿತು. ಜೆನ್ನರ್ ಮಾಡಿದ್ದು ಬೇರೆ. ಹಳ್ಳಿಯವರ ಮಾತನ್ನು ತಳ್ಳಿಹಾಕದೆ ವರ್ಷಗಟ್ಟಲೆ ಮನೆಮನೆಯ ವಿವರ ಬರೆದಿಟ್ಟುಕೊಂಡು, ಪರೀಕ್ಷೆ ಮಾಡಿ, ಲೋಕಕ್ಕೆ ತೋರಿಸಿದರು.

1796ರ ಮೇ 14ರಂದು ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವ ಹುಡುಗಿಯ ಕೈಮೇಲಿನ ಗುಳ್ಳೆಯಿಂದ ರಸ ತೆಗೆದು, ತಮ್ಮ ತೋಟದ ಕೆಲಸದಾಳಿನ ಎಂಟು ವರ್ಷದ ಮಗ ಜೇಮ್ಸ್ ಫಿಪ್ಸ್‌ನ ತೋಳಿಗೆ ಗೀರಿ ಹಚ್ಚಿದರು. ಹುಡುಗನಿಗೆ ಸ್ವಲ್ಪ ಜ್ವರ ಬಂದು ಹೋಯಿತು. ಜುಲೈ 1ರಂದು ಅವನಿಗೆ ನಿಜವಾದ ಸಿಡುಬಿನ ಕೀವನ್ನೇ ಹಚ್ಚಿದರು. ಏನೂ ಆಗಲಿಲ್ಲ. ಈಗಿನ ಕಾಲದಲ್ಲಿ ಬಡವರ ಮಗುವಿನ ಮೇಲೆ ಇಂಥ ಪ್ರಯೋಗಕ್ಕೆ ಯಾರೂ ಒಪ್ಪಿಗೆ ಕೊಡುವುದಿಲ್ಲ, ಕೊಡಲೂ ಬಾರದು. ಇಡೀ ಲೋಕ ಆ ಹುಡುಗನಿಗೆ ಋಣಿ ಎಂಬುದನ್ನು ಮರೆಯಬಾರದು. ಜೆನ್ನರ್ ಮರೆಯಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ರಾಯಲ್ ಸೊಸೈಟಿ ಈ ಲೇಖನವನ್ನು ಪ್ರಕಟಿಸಲಿಲ್ಲ. ಜೆನ್ನರ್ ಇನ್ನಷ್ಟು ಜನರ ವಿವರ ಸೇರಿಸಿ 1798ರಲ್ಲಿ ಸ್ವಂತ ಖರ್ಚಿನಲ್ಲಿ ಸಣ್ಣ ಪುಸ್ತಕ ಅಚ್ಚು ಹಾಕಿಸಿದರು. ಲ್ಯಾಟಿನ್ ಭಾಷೆಯಲ್ಲಿ ಹಸುವಿಗೆ ವಾಕಾ ಎನ್ನುತ್ತಾರೆ. ಇವತ್ತು ನಾವು ಹೇಳುವ ವ್ಯಾಕ್ಸಿನ್ ಎಂಬ ಪದ ಆ ಹಸುವಿನಿಂದ ಬಂದದ್ದು.

ಈ ವಿದ್ಯೆಯನ್ನು ಗುಟ್ಟಾಗಿಟ್ಟುಕೊಂಡು ಲಂಡನ್ನಿನಲ್ಲಿ ಅಂಗಡಿ ಇಟ್ಟಿದ್ದರೆ ಅವರು ಭಾರಿ ಶ್ರೀಮಂತರಾಗಬಹುದಿತ್ತು. ಹಾಗೆ ಮಾಡಲಿಲ್ಲ. ಮನೆಯ ತೋಟದ ಗುಡಿಸಲಿನಲ್ಲಿ ಬಡವರಿಗೆ ಪುಕ್ಕಟೆಯಾಗಿ ಹಾಕಿದರು. ಕೇಳಿದವರಿಗೆಲ್ಲ ಲಸಿಕೆಯ ರಸವನ್ನೂ ಹಾಕುವ ವಿಧಾನವನ್ನೂ ಕಳಿಸಿದರು. ನಮ್ಮ ಕಂಪ್ಯೂಟರ್ ಕೆಲಸದಲ್ಲಿ ಬರೆದ ಪ್ರೋಗ್ರಾಮನ್ನು ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ತೆರೆದಿಡುವವರಿದ್ದಾರೆ, ಅದಕ್ಕೆ ಓಪನ್ ಸೋರ್ಸ್ ಎನ್ನುತ್ತೇವೆ. ಜೆನ್ನರ್ ಇನ್ನೂರು ವರ್ಷಗಳ ಹಿಂದೆ ಮಾಡಿದ್ದು ಅದನ್ನೇ. ದಾರಕ್ಕೆ ರಸ ಅದ್ದಿ ಒಣಗಿಸಿ, ಎರಡು ಗಾಜಿನ ಚೂರಿನ ನಡುವೆ ಇಟ್ಟು, ಓಲೆಯ ಜೊತೆ ಕಳಿಸುತ್ತಿದ್ದರು. ದಿನದಿನವೂ ಬರುವ ಓಲೆಗಳಿಗೆ ಉತ್ತರ ಬರೆದು ಬರೆದು, ತಾವು ಇಡೀ ಲೋಕದ ಗುಮಾಸ್ತರಾಗಿಬಿಟ್ಟೆವೆಂದು ಅವರೇ ನಗುತ್ತಿದ್ದರು. ವೈದ್ಯವೃತ್ತಿಯ ಸಂಪಾದನೆ ಇಳಿದುಹೋಯಿತು.

ಆ ಓಲೆಗಳಿಗೆ ಬಂದ ಉತ್ತರಗಳು ಒಂದೆರಡಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ ಬೆಂಜಮಿನ್ ವಾಟರ್‌ಹೌಸ್ ಎಂಬ ವೈದ್ಯರು ಇಂಗ್ಲೆಂಡಿನಿಂದ ಬಂದ ರಸವನ್ನು ಮೊದಲು ತಮ್ಮ ಮಕ್ಕಳಿಗೇ ಹಾಕಿ, ಬಳಿಕ ಅಧ್ಯಕ್ಷ ಥಾಮಸ್ ಜೆಫರ್ಸನ್‌ಗೆ ಕಳಿಸಿದರು. ದಾರಿಯ ಬಿಸಿಲಿಗೆ ರಸ ಕೆಟ್ಟುಹೋಗುತ್ತಿತ್ತು. ಚಿಕ್ಕ ಸೀಸೆಯನ್ನು ನೀರು ತುಂಬಿದ ದೊಡ್ಡ ಸೀಸೆಯೊಳಗೆ ಇಟ್ಟು ಕಳಿಸುವ ಉಪಾಯವನ್ನು ಜೆಫರ್ಸನ್ನೇ ಹೇಳಿಕೊಟ್ಟ. ಇವತ್ತು ನಮ್ಮ ಆಶಾ ಕಾರ್ಯಕರ್ತೆಯರೂ ನರ್ಸಮ್ಮನವರೂ ಭುಜಕ್ಕೆ ಹಾಕಿಕೊಂಡು ಬರುವ ಐಸ್ ಡಬ್ಬಿಯ ಹಿಂದಿನ ಯೋಚನೆಯೂ ಅದೇ. 1801ರ ಬೇಸಿಗೆಯಲ್ಲಿ ಜೆಫರ್ಸನ್ ತನ್ನ ಮನೆಯವರು, ಅಳಿಯಂದಿರ ಮನೆಯವರು, ತನ್ನ ತೋಟದಲ್ಲಿ ದುಡಿಯುತ್ತಿದ್ದ ಗುಲಾಮರು, ನೆರೆಹೊರೆಯವರು ಸೇರಿ ಸುಮಾರು 200 ಜನರಿಗೆ ಲಸಿಕೆ ಹಾಕಿಸಿದ. ಮುಂದೆ ಜೆನ್ನರ್ ತಮ್ಮ ಸಂಶೋಧನೆಯ ಸಾಕ್ಷ್ಯಗಳಿದ್ದ ಒಂದು ಪುಸ್ತಕವನ್ನು ಜೆಫರ್ಸನ್‌ಗೆ ಕಳಿಸಿಕೊಟ್ಟರು. ಅಧ್ಯಕ್ಷನ ಉತ್ತರ ಬಂದದ್ದು 1806ರಲ್ಲಿ. ಇಡೀ ಮನುಷ್ಯಕುಲದ ಪರವಾಗಿ ಕೃತಜ್ಞತೆ ಹೇಳಿ, ಸಿಡುಬು ಎಂಬ ರೋಗವೊಂದು ಇತ್ತೆಂದು ಮುಂದಿನ ಪೀಳಿಗೆಯವರು ಚರಿತ್ರೆ ಓದಿಯೇ ತಿಳಿದುಕೊಳ್ಳುವ ಕಾಲ ಬರುತ್ತದೆ ಎಂಬ ಅರ್ಥದಲ್ಲಿ ಆತ ಬರೆದಿದ್ದ. ಆ ಓಲೆಯ ತಾರೀಖು ಮೇ 14. ಜೇಮ್ಸ್ ಫಿಪ್ಸ್‌ಗೆ ಲಸಿಕೆ ಹಾಕಿ ಅವತ್ತಿಗೆ ಸರಿಯಾಗಿ ಹತ್ತು ವರ್ಷ.

ರಷ್ಯಾದ ಚಕ್ರವರ್ತಿಯ ತಾಯಿ ಮಾರಿಯಾ ಫ್ಯೋದೊರೊವ್ನಾ 1802ರಲ್ಲಿ ವಜ್ರದ ಉಂಗುರವನ್ನು ಓಲೆಯ ಸಮೇತ ಜೆನ್ನರ್‌ಗೆ ಕಳಿಸಿದಳು. ಅಲ್ಲಿ ಮೊದಲು ಲಸಿಕೆ ಹಾಕಿಸಿಕೊಂಡ ಅನಾಥ ಮಗುವಿಗೆ ವ್ಯಾಕ್ಸಿನೋವ್ ಎಂದೇ ಹೆಸರಿಟ್ಟಿದ್ದರು. ಸ್ಪೇನ್‌ನ ದೊರೆ ನಾಲ್ಕನೇ ಕಾರ್ಲೋಸ್ ಲಸಿಕೆಯನ್ನು ಅಮೆರಿಕದ ವಸಾಹತುಗಳಿಗೆ ಮುಟ್ಟಿಸಲು 1803ರ ನವೆಂಬರಿನಲ್ಲಿ ಹಡಗೊಂದನ್ನೇ ಕಳಿಸಿದ. ರಸ ದಾರಿಯಲ್ಲಿ ಕೆಡಬಾರದೆಂದು 22 ಅನಾಥ ಗಂಡುಮಕ್ಕಳನ್ನು ಹಡಗಿನಲ್ಲಿ ಕರೆದೊಯ್ದು, ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಹಾಕುತ್ತ ಸಮುದ್ರ ದಾಟಿಸಿದರು. ಆ ಮಕ್ಕಳನ್ನು ಬರುತ್ತೀರಾ ಎಂದು ಕೇಳಿದವರು ಯಾರೂ ಇರಲಿಲ್ಲ. ಕೆನಡಾದ ಮೂಲನಿವಾಸಿಗಳ ಐದು ಬುಡಕಟ್ಟುಗಳ ಒಕ್ಕೂಟಕ್ಕೆ ಜೆನ್ನರ್ ತಮ್ಮ ಪುಸ್ತಕ ಕಳಿಸಿದಾಗ, ಅವರ ಮುಖಂಡರು 1807ರಲ್ಲಿ ಸಭೆ ಸೇರಿ, ಚಿಪ್ಪಿನ ಮಣಿಗಳಿಂದ ಹೆಣೆದ ಪಟ್ಟಿಯನ್ನೂ ಸರವನ್ನೂ ಕಳಿಸಿದರು. ಒಪ್ಪಂದ, ಸ್ನೇಹದಂಥ ಘನವಾದ ಮಾತಿಗೆ ಸಾಕ್ಷಿಯಾಗಿ ಅವರು ಕೊಡುತ್ತಿದ್ದ ವಸ್ತು ಅದು. ವಜ್ರದ ಉಂಗುರಕ್ಕಿಂತ ಅದು ಯಾವ ಲೆಕ್ಕದಲ್ಲಿಯೂ ಕಡಿಮೆಯಲ್ಲ.

ನಮ್ಮ ದೇಶಕ್ಕೆ ಲಸಿಕೆ ಬಂದದ್ದು ವಿಯೆನ್ನಾ, ಇಸ್ತಾಂಬುಲ್, ಬಾಗ್ದಾದ್, ಬಸ್ರಾ ದಾರಿಯಾಗಿ. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗು ಭಾರತದಲ್ಲಿ ಮೊದಲು ಲಸಿಕೆ ಪಡೆಯಿತು. ಅವಳ ತೋಳಿನಿಂದ ತೆಗೆದ ರಸದಿಂದಲೇ ಬೇರೆ ಮಕ್ಕಳಿಗೆ, ಅವರಿಂದ ಇನ್ನಿತರ ಊರುಗಳಿಗೆ ಸಾಗಿತು. ನಮ್ಮ ಮೈಸೂರಿಗೂ ಇದರಲ್ಲಿ ಪಾಲಿದೆ. ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಸುಮಾರು 1805ರಲ್ಲಿ ಬರೆದ ಒಂದು ದೊಡ್ಡ ಚಿತ್ರದಲ್ಲಿ ಮೂವರು ರಾಜಮನೆತನದ ಹೆಂಗಸರಿದ್ದಾರೆ. ಅವರು ಮೈಸೂರು ಅರಮನೆಯವರು, ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ ಸೆರಗು ಸರಿಸಿ ಲಸಿಕೆ ಹಾಕಿದ ತೋಳನ್ನು ತೋರಿಸುತ್ತಿದ್ದಾಳೆ, ಪ್ರಜೆಗಳ ಹೆದರಿಕೆ ಹೋಗಲಿ ಎಂದೇ ಈ ಚಿತ್ರ ಬರೆಸಿದ್ದು ಎಂದು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. ಬಂಗಾಳ, ಮುಂಬಯಿ, ಮದರಾಸಿನಲ್ಲಿ ಚಂದಾ ಎತ್ತಿ ಜೆನ್ನರ್‌ಗೆ 7,000 ಪೌಂಡಿಗೂ ಹೆಚ್ಚು ಹಣ ಕಳಿಸಿದರು.

ಇನ್ನು ನೆಪೋಲಿಯನ್ನನ ವಿಷಯ. 1803ರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಮತ್ತೆ ಯುದ್ಧ ಹತ್ತಿಕೊಂಡಾಗ, ಫ್ರಾನ್ಸಿನಲ್ಲಿದ್ದ ಇಂಗ್ಲಿಷ್ ಗಂಡಸರನ್ನು ಅವನು ಹಿಡಿದಿಟ್ಟುಕೊಂಡ. ಅವರೆಲ್ಲ ಸೈನಿಕರಲ್ಲ. ಪ್ರವಾಸಕ್ಕೆ, ಓದಿಗೆ, ವ್ಯಾಪಾರಕ್ಕೆ ಹೋಗಿದ್ದವರೂ ಸಿಕ್ಕಿಹಾಕಿಕೊಂಡರು. ಇಂಗ್ಲೆಂಡಿನ ಸರ್ಕಾರ ಕೇಳಿದರೆ ಬಿಡುವ ಮಾತೇ ಇರಲಿಲ್ಲ. ಆದರೆ ಅದೇ ನೆಪೋಲಿಯನ್ ತನ್ನ ಸೈನಿಕರಿಗೆ ಜೆನ್ನರ್‌ರ ಲಸಿಕೆ ಹಾಕಿಸಿದ್ದ. 1804ರಲ್ಲಿ ಲಸಿಕೆಯ ಗೌರವಾರ್ಥ ಪದಕವನ್ನೂ ಹೊರಡಿಸಿದ್ದ.

ಸೆರೆಯಲ್ಲಿದ್ದವರ ಮನೆಯವರು ಜೆನ್ನರ್ ಬಳಿ ಬಂದು ಬೇಡಿಕೊಂಡರು. ಶತ್ರು ದೇಶದ ಚಕ್ರವರ್ತಿಗೆ ಓಲೆ ಬರೆಯುವುದು ಯುದ್ಧಕಾಲದಲ್ಲಿ ಸಣ್ಣ ಮಾತಲ್ಲ. ಜೆನ್ನರ್ ಬರೆದರು. ತಮಗಾಗಿ ಹಣ ಕೇಳಲಿಲ್ಲ, ಬಿರುದು ಕೇಳಲಿಲ್ಲ. ಇಂಥ ಇಬ್ಬರು ಓದಿದ ಜನ ಸೆರೆಯಲ್ಲಿದ್ದಾರೆ, ದಯವಿಟ್ಟು ಅವರನ್ನು ಊರಿಗೆ ಕಳಿಸಿಕೊಡಿ ಎಂದು ಕೇಳಿದರು. ಮನವಿಯನ್ನು ನೆಪೋಲಿಯನ್ ಮೊದಲು ಪಕ್ಕಕ್ಕೆ ತಳ್ಳಿದ, ಕೇಳುತ್ತಿರುವವರು ಜೆನ್ನರ್ ಎಂದು ರಾಣಿ ಜೋಸೆಫಿನ್ ನೆನಪಿಸಿದ ಕೂಡಲೇ ಮನಸ್ಸು ಬದಲಿಸಿ, ಆ ಮನುಷ್ಯನಿಗೆ ಇಲ್ಲವೆನ್ನಲಾರೆ ಎಂದು ಒಪ್ಪಿದ ಎಂದು ಜೆನ್ನರ್‌ರ ಜೀವನಚರಿತ್ರೆಕಾರರು ಬರೆದಿದ್ದಾರೆ. ಸೆರೆಯಾಳುಗಳು ಮನೆ ಸೇರಿದರು.

ಆಮೇಲೆ ದೂರ ದೇಶಕ್ಕೆ ಹೊರಟವರು ಜೆನ್ನರ್ ಬಳಿ ಬಂದು ಚೀಟಿ ಬರೆಸಿಕೊಂಡು ಹೋಗತೊಡಗಿದರು. ಇವರು ನನಗೆ ಗೊತ್ತಿರುವವರು, ಆರೋಗ್ಯಕ್ಕಾಗಿಯೋ ವಿದ್ಯೆಗಾಗಿಯೋ ಪ್ರಯಾಣ ಮಾಡುತ್ತಿದ್ದಾರೆ ಎಂಬಷ್ಟೇ ಅದರ ಒಕ್ಕಣೆ. ಕೆಳಗೆ ಅವರ ಸಹಿ. ಸರ್ಕಾರದ ಮೊಹರಿಲ್ಲದ ಆ ಚೀಟಿ ಪಾಸ್‌ಪೋರ್ಟಿನಂತೆ ಕೆಲಸ ಮಾಡುತ್ತಿತ್ತು. ದೊಡ್ಡವರ ಪರಿಚಯವಾದರೆ ನಾವು ಸಾಮಾನ್ಯವಾಗಿ ಮಗನಿಗೊಂದು ಕೆಲಸ, ತಮ್ಮನಿಗೊಂದು ವರ್ಗಾವಣೆ ಕೇಳುತ್ತೇವೆ. ಈ ಹಳ್ಳಿ ವೈದ್ಯರು ತಮಗೆ ಸಿಕ್ಕ ಮರ್ಯಾದೆಯನ್ನು ಬೇರೆಯವರ ಬಿಡುಗಡೆಗೆ ಖರ್ಚು ಮಾಡಿದರು. ದೊರೆಗಳ ಓಲೆಗಿಂತ ಇದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಹಾಗೆಂದು ಅವರಿಗೆ ಎಲ್ಲರೂ ಜೈ ಎನ್ನಲಿಲ್ಲ. ಲಸಿಕೆ ಹಾಕಿಸಿಕೊಂಡವರ ಮೈಮೇಲೆ ಹಸುಗಳು ಮೊಳೆಯುತ್ತಿರುವಂತೆ 1802ರಲ್ಲಿ ವ್ಯಂಗ್ಯಚಿತ್ರ ಬಂತು. ಪಾದ್ರಿಗಳಲ್ಲಿ, ವೈದ್ಯರಲ್ಲಿ ವಿರೋಧಿಗಳಿದ್ದರು. ಜೆನ್ನರ್ ತಪ್ಪು ಮಾಡಲಿಲ್ಲ ಎಂದೂ ಅಲ್ಲ. ಒಮ್ಮೆ ಹಾಕಿದರೆ ಜೀವಮಾನವಿಡೀ ಸಾಕು ಎಂದು ಅವರು ನಂಬಿದ್ದರು. ಕೆಲವು ವರ್ಷಗಳ ಮೇಲೆ ಮತ್ತೆ ಹಾಕಿಸಬೇಕೆಂಬುದು ಮುಂದೆ ತಿಳಿಯಿತು. ಬ್ರಿಟಿಷ್ ಪಾರ್ಲಿಮೆಂಟು ಅವರು ಕಳೆದುಕೊಂಡ ಸಂಪಾದನೆಯನ್ನು ಮನಗಂಡು 1802ರಲ್ಲಿ 10,000 ಪೌಂಡ್, 1807ರಲ್ಲಿ ಮತ್ತೆ 20,000 ಪೌಂಡ್ ಮಂಜೂರು ಮಾಡಿತು. ಆದರೆ ಮನೆಯೊಳಗಿನ ದುಃಖಕ್ಕೆ ಯಾವ ಹಣವೂ ಮದ್ದಾಗಲಿಲ್ಲ. ಹಿರಿಯ ಮಗ 1810ರಲ್ಲಿ, ಹೆಂಡತಿ ಕ್ಯಾಥರಿನ್ 1815ರಲ್ಲಿ ಕ್ಷಯದಿಂದ ತೀರಿಕೊಂಡರು. ಲೋಕದ ಮಕ್ಕಳನ್ನು ಸಿಡುಬಿನಿಂದ ಉಳಿಸಿದವರಿಗೆ ತಮ್ಮ ಮನೆಯವರನ್ನು ಉಳಿಸಿಕೊಳ್ಳಲು ಆಗ ಔಷಧಿಯೇ ಇರಲಿಲ್ಲ. 1814ರಲ್ಲಿ ಲಂಡನ್ನಿಗೆ ಬಂದ ರಷ್ಯಾದ ಚಕ್ರವರ್ತಿ ಅಲೆಕ್ಸಾಂಡರ್ ಜೆನ್ನರ್‌ರನ್ನು ಭೇಟಿಯಾಗಿದ್ದ. ಹೆಂಡತಿ ಹೋದ ಮೇಲೆ ಅವರು ಲಂಡನ್ನಿನ ಸಹವಾಸ ಬಿಟ್ಟು ಬರ್ಕ್ಲಿಯಲ್ಲೇ ಉಳಿದರು.

ದೊರೆಗಳಿಂದ ಬಂದ ಉಡುಗೊರೆಗಳ ಬಗ್ಗೆ ಹೇಳಿದೆ. ಜೆನ್ನರ್ ಕೊಟ್ಟ ಒಂದು ಉಡುಗೊರೆಯ ಬಗ್ಗೆ ಹೇಳದಿದ್ದರೆ ಈ ಕಥೆ ಪೂರ್ತಿಯಾಗುವುದಿಲ್ಲ. ಮೊದಲ ಲಸಿಕೆ ಪಡೆದ ಜೇಮ್ಸ್ ಫಿಪ್ಸ್ ಬೆಳೆದು, ಮದುವೆಯಾಗಿ, ಮಕ್ಕಳೊಂದಿಗನಾದಾಗ ಜೆನ್ನರ್ ಅವನಿಗೆ ಬರ್ಕ್ಲಿಯಲ್ಲಿ ಬಾಡಿಗೆಯಿಲ್ಲದೆ ಇರಲು ಒಂದು ಮನೆ ಕೊಟ್ಟರು. ಅದರ ಮುಂದೆ ತಾವೇ ನಿಂತು ಗುಲಾಬಿ ಗಿಡ ನೆಡಿಸಿದರು. 1823ರ ಜನವರಿ 26ರಂದು ಪಾರ್ಶ್ವವಾಯುವಿನಿಂದ ಜೆನ್ನರ್ ತೀರಿಕೊಂಡಾಗ ಅವರಿಗೆ 73 ವರ್ಷ. ತಂದೆ ಪಾದ್ರಿಯಾಗಿದ್ದ ಅದೇ ಚರ್ಚಿನಲ್ಲಿ ಮಣ್ಣು ಮಾಡಿದರು. ಅಂತ್ಯಕ್ರಿಯೆಗೆ ಬಂದವರಲ್ಲಿ ಜೇಮ್ಸ್ ಫಿಪ್ಸ್ ಕೂಡ ಇದ್ದ.

ಜೆಫರ್ಸನ್ ಓಲೆಯಲ್ಲಿ ಬರೆದದ್ದು ನಿಜವಾಗಲು ಇನ್ನೂ 170ಕ್ಕೂ ಹೆಚ್ಚು ವರ್ಷ ಹಿಡಿಯಿತು. ಭಾರತದ ಕೊನೆಯ ಸಿಡುಬಿನ ಪ್ರಕರಣಗಳು ಕಂಡದ್ದು 1975ರ ಮೇ ತಿಂಗಳಲ್ಲಿ. ಸೊಮಾಲಿಯಾದಲ್ಲಿ 1977ರಲ್ಲಿ ಅದು ಕೊನೆಗೊಂಡಿತು. 1980ರ ಮೇ 8ರಂದು ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಮನುಷ್ಯರನ್ನು ಕಾಡುವ ರೋಗಗಳಲ್ಲಿ ಬೇರುಸಹಿತ ಹೋದದ್ದು ಇದುವರೆಗೆ ಇದೊಂದೇ.

ನಮ್ಮ ಶಾಲೆಯ ಬಾಗಿಲು ತೆರೆದದ್ದು ಅದೇ 1975ರ ಜೂನ್‌ನಲ್ಲಿ. ಅಂದರೆ ದೇಶದಿಂದ ಸಿಡುಬು ಹೊರಟ ಮರುತಿಂಗಳು ನಮ್ಮ ಮೊದಲ ಬ್ಯಾಚಿನವರು ಎಂಟನೇ ತರಗತಿಗೆ ಬಂದು ಕುಳಿತರು. ಅವರ ತೋಳಿನಲ್ಲಿ ಗುರುತಿತ್ತು. ಅವರ ಮಕ್ಕಳ ತೋಳಿನಲ್ಲಿ ಇಲ್ಲ. ಮಹೋತ್ಸವದ ದಿನ ಆ ಹಿರಿಯರು ವೇದಿಕೆಗೆ ಬಂದಾಗ, ಈಗ ಓದುತ್ತಿರುವ ಮಕ್ಕಳು ಹತ್ತಿರ ಹೋಗಿ ಆ ಗುರುತು ತೋರಿಸಿ ಎಂದು ಕೇಳಬೇಕು. ಮೇಷ್ಟ್ರುಗಳು ಆಗ ಬರ್ಕ್ಲಿಯ ಹಳ್ಳಿ ವೈದ್ಯರ ಕಥೆಯನ್ನೂ, ಅವರ ಜೊತೆಗೆ ತೋಟದಾಳಿನ ಮಗ ಜೇಮ್ಸ್ ಫಿಪ್ಸ್‌ನ ಹೆಸರನ್ನೂ ಹೇಳಿಕೊಡಲಿ.